ಕಂಪನಿ ಹೊರದೇಶದಲ್ಲಿ ದುಡ್ಡು ಹಾಕಿದರೆ ಇಲ್ಲಿ ಇಂಧನ ಉಳಿಯುತ್ತದೆಯೇ?

2026ರ ಜನವರಿ 1ರಿಂದ ಯುರೋಪಿಗೆ ಹೋಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರಕ್ಕೆ ಹೊಸದೊಂದು ಲೆಕ್ಕ ಶುರುವಾಗಿದೆ. ಆ ಸರಕು ತಯಾರಾಗುವಾಗ ಎಷ್ಟು ಇಂಗಾಲ ಗಾಳಿಗೆ ಸೇರಿತು ಎಂದು ನೋಡುತ್ತಾರೆ. ಅದಕ್ಕೆ ತಕ್ಕಂತೆ ಯುರೋಪಿನ ಆಮದುದಾರರು ಹಣ ಕಟ್ಟಬೇಕು. ಪತ್ರಿಕೆಗಳಲ್ಲಿ ಗಡಿ ಇಂಗಾಲ ತೆರಿಗೆ ಎಂದು ಬರುತ್ತಿರುವುದು ಇದೇ. ಒಂದು ಟನ್ ಉಕ್ಕಿಗೆ ಎಷ್ಟು ಕಲ್ಲಿದ್ದಲು ಸುಟ್ಟಿರಿ ಎಂಬ ಪ್ರಶ್ನೆ ಇಷ್ಟು ದಿನ ಕಾರ್ಖಾನೆಯ ಎಂಜಿನಿಯರುಗಳ ತಲೆನೋವಾಗಿತ್ತು. ಈಗ ಅದು ಬಳ್ಳಾರಿಯ ತೋರಣಗಲ್ಲಿನಿಂದ ಹಡಗು ಹತ್ತುವ ಉಕ್ಕಿನ ಬೆಲೆಯ ಪ್ರಶ್ನೆಯೂ ಆಗಿದೆ.

ಇದರ ಜೊತೆಗೇ ಇನ್ನೊಂದು ಚರ್ಚೆ ನಡೆಯುತ್ತದೆ. ನಮ್ಮ ದೊಡ್ಡ ಕಂಪನಿಗಳು ಹೊರದೇಶಗಳಲ್ಲಿ ಕಾರ್ಖಾನೆ ಕೊಂಡಿವೆ. ಟಾಟಾ ಸ್ಟೀಲ್ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಲ್ಲಿ, ಅಲ್ಯೂಮಿನಿಯಂ ಮಾಡುವ ಹಿಂಡಾಲ್ಕೊ ಅಮೆರಿಕದಲ್ಲಿ, ತೋರಣಗಲ್ಲಿನ ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯು ಅಮೆರಿಕ ಮತ್ತು ಇಟಲಿಯಲ್ಲಿ. ಅಲ್ಲಿನ ಒಳ್ಳೆಯ ತಂತ್ರಜ್ಞಾನ ಇಲ್ಲಿಗೂ ಬಂದು ಇಲ್ಲಿನ ಇಂಧನ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಇಲ್ಲಿ ಹಾಕಬೇಕಿದ್ದ ದುಡ್ಡು ಅಲ್ಲಿಗೆ ಹೋಯಿತು ಎಂದು ಇನ್ನು ಕೆಲವರು. ಎರಡರಲ್ಲೂ ನಿಜ ಇದೆ. ಯಾವಾಗ ಯಾವುದು ನಿಜ ಎಂದು ತಿಳಿಯಬೇಕಾದರೆ ಬುಡದಿಂದ ಬರಬೇಕು.

ಮೊದಲು ಎರಡು ವಿಷಯ

ಕಂಪನಿಯೊಂದು ಹೊರದೇಶದಲ್ಲಿ ಹಣ ಹಾಕುವುದರಲ್ಲಿ ಎರಡು ಬಗೆ. ಸುಮ್ನೆ ಷೇರು ಕೊಂಡು ಲಾಭಕ್ಕೆ ಕಾಯುವುದು ಒಂದು. ಕಾರ್ಖಾನೆ ಕಟ್ಟುವುದು, ಇಲ್ಲವೇ ಅಲ್ಲಿನ ಕಂಪನಿಯನ್ನೇ ಕೊಂಡು ಅದರ ಆಡಳಿತ ಕೈಗೆ ತೆಗೆದುಕೊಳ್ಳುವುದು ಇನ್ನೊಂದು. ಎರಡನೆಯದನ್ನು ನೇರ ಹೂಡಿಕೆ ಎನ್ನುತ್ತಾರೆ. ಹೊರಗಿನವರು ಇಲ್ಲಿಗೆ ತರುವ ಎಫ್‌ಡಿಐ ಬಗ್ಗೆ ನಾವು ದಿನಾ ಕೇಳುತ್ತೇವೆ. ಇದು ಅದರ ಉಲ್ಟಾ ದಿಕ್ಕು, ಇಲ್ಲಿಂದ ಹೊರಗೆ ಹೋಗುವ ನೇರ ಹೂಡಿಕೆ. ಭಾರತದ ಕಂಪನಿಯೊಂದು ತನ್ನ ನಿವ್ವಳ ಆಸ್ತಿಯ ನಾಲ್ಕು ಪಟ್ಟಿನವರೆಗೆ ಹೀಗೆ ಹೊರದೇಶದಲ್ಲಿ ತೊಡಗಿಸಬಹುದು. ಬಹಳ ದೊಡ್ಡ ಮೊತ್ತವಲ್ಲದಿದ್ದರೆ ಅದಕ್ಕೆ ಸಾಮಾನ್ಯವಾಗಿ ರಿಸರ್ವ್ ಬ್ಯಾಂಕಿನ ಮುಂಗಡ ಅನುಮತಿ ಬೇಕಿಲ್ಲ.

ಇನ್ನು ಇಂಧನ ದಕ್ಷತೆ. ಒಂದು ಟನ್ ಉಕ್ಕು, ಒಂದು ಮೂಟೆ ಸಿಮೆಂಟು ಮಾಡಲು ಎಷ್ಟು ಇಂಧನ ಬೇಕಾಯಿತು ಎಂಬುದೇ ದಕ್ಷತೆಯ ನಿಜವಾದ ಅಳತೆ. ಆದರೆ ಇಡೀ ದೇಶಕ್ಕೆ ಹೀಗೆ ಅಳೆಯುವುದು ಕಷ್ಟ. ಉಕ್ಕು, ಹಾಲು, ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಹಾಗಾಗಿ ಎಲ್ಲವನ್ನೂ ರೂಪಾಯಿಗೆ ತಿರುಗಿಸುತ್ತಾರೆ. ದೇಶ ಬಳಸಿದ ಒಟ್ಟು ಇಂಧನವನ್ನು ಜಿಡಿಪಿಯಿಂದ, ಅಂದರೆ ದೇಶದೊಳಗಿನ ಒಟ್ಟು ಉತ್ಪನ್ನದ ಮೌಲ್ಯದಿಂದ ಭಾಗಿಸುತ್ತಾರೆ. ಸಿಗುವ ಅಂಕಿಗೆ ಇಂಧನ ತೀವ್ರತೆ ಎಂದು ಹೆಸರು. ಅದು ಕಡಿಮೆಯಾದರೆ ದೇಶ ಸುಧಾರಿಸಿತು ಎನ್ನುವುದು ರೂಢಿ.

ಇಲ್ಲೇ ಎಡವಟ್ಟು ಇರುವುದು. ದೋಸೆ ಹಿಟ್ಟು ರುಬ್ಬುವ ಮನೆಯೊಂದರ ಕರೆಂಟು ಬಿಲ್ಲು ಇಳಿಯಿತು ಎಂದುಕೊಳ್ಳಿ. ಚಿಕ್ಕಮ್ಮನ ಮನೆಯಲ್ಲಿ ಒಳ್ಳೆಯ ಗ್ರೈಂಡರ್ ನೋಡಿ ಬಂದು ಅಂಥದ್ದೇ ತಂದು ಹಾಕಿರಬಹುದು. ಅಥವಾ ರುಬ್ಬುವುದನ್ನೇ ಬಿಟ್ಟು ಅಂಗಡಿಯಿಂದ ಹಿಟ್ಟಿನ ಪ್ಯಾಕೆಟ್ ತರುತ್ತಿರಬಹುದು. ಬಿಲ್ಲು ಎರಡೂ ಸಲ ಇಳಿಯುತ್ತದೆ. ಎರಡನೆಯ ಸಲ ಮೀಟರು ಓಡುವ ಜಾಗ ಬದಲಾಗಿದೆ, ಅಷ್ಟೇ. ಬಿಲ್ಲು ಮಾತ್ರ ನೋಡಿದರೆ ಯಾವುದು ನಡೆಯಿತು ಎಂದು ಗೊತ್ತಾಗುವುದಿಲ್ಲ.

ಹೊರದೇಶದ ಹೂಡಿಕೆ ತವರಿನ ಇಂಧನ ಲೆಕ್ಕವನ್ನು ಬದಲಿಸುವ ಮುಖ್ಯ ದಾರಿಗಳು ಇವೇ ಎರಡು. ಕಲಿತು ತರುವುದು, ಇಲ್ಲವೇ ಕೆಲಸವನ್ನೇ ಹೊರಗೆ ಕಳಿಸುವುದು.

ಕಾರ್ಖಾನೆಯೇ ಹೊರಟುಹೋದ ಕಥೆ

ಕೆಲಸ ಹೊರಗೆ ಹೋಗುವುದು ಹೇಗೆ ಎಂಬುದಕ್ಕೆ ಜಪಾನಿನ ಅಲ್ಯೂಮಿನಿಯಂನಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಅಲ್ಯೂಮಿನಿಯಂ ಎಂದರೆ ಗಟ್ಟಿಯಾದ ಕರೆಂಟು ಎಂದು ಆ ಉದ್ಯಮದವರೇ ಹೇಳುತ್ತಾರೆ. ಬಾಕ್ಸೈಟ್ ಅದಿರಿನಿಂದ ಮೊದಲು ಅಲ್ಯೂಮಿನಾ ಎಂಬ ಬಿಳಿ ಪುಡಿ ತೆಗೆಯುತ್ತಾರೆ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಆಗುವುದು ಈ ಕೆಲಸ. ಆ ಪುಡಿಯನ್ನು ಕರಗಿಸಿ, ಅದರೊಳಗೆ ವಿದ್ಯುತ್ ಹರಿಸಿದಾಗ ಲೋಹ ಬೇರೆಯಾಗುತ್ತದೆ. ಒಂದು ಟನ್ ಲೋಹಕ್ಕೆ ಸುಮಾರು 14,000 ಯೂನಿಟ್ ಕರೆಂಟು ಬೇಕು. ನಮ್ಮ ಗೃಹಜ್ಯೋತಿಯ ಮಿತಿಯಾದ ತಿಂಗಳಿಗೆ 200 ಯೂನಿಟ್ ಬಳಸುವ ಮನೆಯೊಂದು ಅಷ್ಟು ಕರೆಂಟನ್ನು ಖರ್ಚು ಮಾಡಲು ಆರು ವರ್ಷಕ್ಕೆ ಎರಡೇ ತಿಂಗಳು ಕಡಿಮೆ ಹಿಡಿಯುತ್ತದೆ.

1970ರ ದಶಕದಲ್ಲಿ ಜಪಾನ್ ಜಗತ್ತಿನ ದೊಡ್ಡ ಅಲ್ಯೂಮಿನಿಯಂ ತಯಾರಕರಲ್ಲಿ ಒಂದಾಗಿತ್ತು. ವರ್ಷಕ್ಕೆ 16 ಲಕ್ಷ ಟನ್ ತಯಾರಿಸುವ ಶಕ್ತಿ ಅದಕ್ಕಿತ್ತು. ಆದರೆ ಅಲ್ಲಿನ ವಿದ್ಯುತ್ತಿನ ಬಹುಪಾಲು ಆಮದು ತೈಲ ಸುಟ್ಟು ಬರುತ್ತಿತ್ತು. 1973ರಲ್ಲಿ ಅರಬ್ ದೇಶಗಳು ತೈಲ ಪೂರೈಕೆ ತಡೆದವು, ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. 1979ರಲ್ಲಿ ಇರಾನ್ ಕ್ರಾಂತಿಯ ಬೆನ್ನಿಗೆ ಇನ್ನೊಂದು ಏಟು ಬಿತ್ತು. ದುಬಾರಿ ತೈಲದ ಕರೆಂಟಿನಲ್ಲಿ ಅಲ್ಯೂಮಿನಿಯಂ ಮಾಡಿ ಮಾರುವುದು ಅಸಾಧ್ಯವಾಯಿತು.

ಆಗ ಜಪಾನಿನ ಕಂಪನಿಗಳು ಸರ್ಕಾರದ ಬೆಂಬಲದೊಂದಿಗೆ ಹೊರಗೆ ಹೊರಟವು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ತೋಬಾ ಎಂಬ ದೊಡ್ಡ ಸರೋವರವಿದೆ. ಅದರಿಂದ ಹೊರಡುವ ಅಸಹಾನ್ ನದಿಗೆ ಜಲವಿದ್ಯುತ್ ಕೇಂದ್ರ ಕಟ್ಟಿ, ಆ ಕರೆಂಟಿನಲ್ಲೇ ನಡೆಯುವ ಅಲ್ಯೂಮಿನಿಯಂ ಕಾರ್ಖಾನೆಯನ್ನೂ ಕಟ್ಟಿದರು. 1976ರಲ್ಲಿ ಕಂಪನಿ ಹುಟ್ಟಿತು, 1982ರಲ್ಲಿ ಲೋಹ ಬರತೊಡಗಿತು. ಬ್ರೆಜಿಲ್‌ನ ಅಮೆಜಾನ್ ಸೀಮೆಯಲ್ಲಿ ಟುಕುರುಯಿ ಅಣೆಕಟ್ಟಿನ ವಿದ್ಯುತ್ ಬಳಸುವ ಇನ್ನೊಂದು ಕಾರ್ಖಾನೆಯಲ್ಲಿ ಪಾಲುದಾರರಾದರು. ಅಲ್ಲಿ 1985ರಲ್ಲಿ ಉತ್ಪಾದನೆ ಶುರುವಾಯಿತು.

ಇತ್ತ ಜಪಾನಿನೊಳಗೆ ಒಂದೊಂದೇ ಕಾರ್ಖಾನೆ ಮುಚ್ಚುತ್ತ ಬಂತು. 1980ರ ದಶಕ ಮುಗಿಯುವ ಹೊತ್ತಿಗೆ ಉಳಿದದ್ದು ಶಿಜುಓಕಾದ ಕಂಬಾರಾ ಘಟಕ ಒಂದೇ. ಅದಕ್ಕೆ ಸ್ವಂತ ಜಲವಿದ್ಯುತ್ ಇತ್ತು, ಅದಕ್ಕೇ ಉಳಿಯಿತು. 2014ರಲ್ಲಿ ಅದೂ ನಿಂತಿತು. ಜಪಾನ್ ಅಲ್ಯೂಮಿನಿಯಂ ಬಳಸುವುದನ್ನು ನಿಲ್ಲಿಸಲಿಲ್ಲ. ಕಾರಿಗೆ, ಕಿಟಕಿ ಚೌಕಟ್ಟಿಗೆ, ಪಾನೀಯದ ಡಬ್ಬಿಗೆ ಬೇಕಾದ ಲೋಹವೆಲ್ಲ ಹಡಗಿನಲ್ಲಿ ಬರತೊಡಗಿತು.

ಈಗ ದೇಶದ ಲೆಕ್ಕ ನೋಡಿ. ಟನ್ನಿಗೆ 14,000 ಯೂನಿಟ್ ನುಂಗುವ ಉದ್ಯಮ ಲೆಕ್ಕದಿಂದ ಹೊರಗೆ ಹೋಯಿತು. ಆ ಲೋಹದಿಂದ ಕಾರು ಮಾಡಿ ಗಳಿಸುವ ಜಿಡಿಪಿ ಒಳಗೇ ಉಳಿಯಿತು. ಯಾವ ಕುಲುಮೆಯೂ ಹೊಸದಾಗಿ ಏನನ್ನೂ ಕಲಿಯದೆ ಇಂಧನ ತೀವ್ರತೆ ಇಳಿಯಿತು. ಅರ್ಥಶಾಸ್ತ್ರಜ್ಞರು ಇದನ್ನು ರಚನೆಯ ಪರಿಣಾಮ ಎನ್ನುತ್ತಾರೆ. ದೇಶ ಮಾಡುವ ಕೆಲಸಗಳ ಪಟ್ಟಿಯೇ ಬದಲಾಗಿದ್ದರಿಂದ ಆದ ಇಳಿಕೆ ಎಂದರ್ಥ.

ಜಪಾನಿಗೆ ಅನ್ಯಾಯವಾಗದಂತೆ ಎರಡು ವಿಷಯ ಹೇಳಬೇಕು. ಆ ವರ್ಷಗಳಲ್ಲಿ ಜಪಾನ್ ನಿಜವಾದ ದಕ್ಷತೆಯನ್ನೂ ಸಾಧಿಸಿತು. 1979ರಲ್ಲಿ ಇಂಧನ ಉಳಿತಾಯದ ಕಾನೂನು ತಂದಿತು. ಅಲ್ಲಿನ ಉಕ್ಕಿನ ಕಾರ್ಖಾನೆಗಳು ಟನ್ನಿಗೆ ಬಳಸುವ ಇಂಧನವನ್ನು ಜಗತ್ತೇ ಮಾದರಿ ಎನ್ನುವ ಮಟ್ಟಕ್ಕೆ ಇಳಿಸಿದವು. ಇನ್ನೊಂದು, ತೈಲದ ಕರೆಂಟು ಬಿಟ್ಟು ನದಿಯ ಕರೆಂಟಿಗೆ ಹೋದದ್ದರಿಂದ ಜಗತ್ತಿನ ಒಟ್ಟು ಹೊಗೆಗೂ ಕಡಿವಾಣ ಬಿತ್ತು. ಆದರೆ ಟುಕುರುಯಿ ಅಣೆಕಟ್ಟಿನಲ್ಲಿ ಮುಳುಗಿದ ಕಾಡು, ಮನೆ ಕಳೆದುಕೊಂಡ ಸಾವಿರಾರು ಜನ ಯಾವ ದೇಶದ ಇಂಧನ ತೀವ್ರತೆಯ ಅಂಕಿಯಲ್ಲೂ ಸಿಗುವುದಿಲ್ಲ.

ನದಿಯ ಬದಲು ಕಲ್ಲಿದ್ದಲಾದರೆ

ಹೋದ ಜಾಗದಲ್ಲಿ ನದಿಯ ಕರೆಂಟು ಇಲ್ಲದಿದ್ದರೆ ಕಥೆಯೇ ಬೇರೆ. ಇಂಡೋನೇಷ್ಯಾದಲ್ಲೇ ಇನ್ನೊಂದು ಉದಾಹರಣೆ ಇದೆ. ಸುಲವೇಸಿ ದ್ವೀಪದ ಮೊರೊವಾಲಿ ಈಗ ನಿಕ್ಕಲ್ ಲೋಹದ ದೊಡ್ಡ ಕೇಂದ್ರ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗೂ ವಿದ್ಯುತ್ ವಾಹನದ ಬ್ಯಾಟರಿಗೂ ನಿಕ್ಕಲ್ ಬೇಕು. ಚೀನಾದ ಕಂಪನಿಗಳು ಮೊದಲು ಇಲ್ಲಿನ ಅದಿರನ್ನು ತಮ್ಮ ದೇಶಕ್ಕೆ ಒಯ್ದು ಕರಗಿಸುತ್ತಿದ್ದವು. 2020ರ ಜನವರಿಯಿಂದ ಇಂಡೋನೇಷ್ಯಾ ಹಸಿ ಅದಿರಿನ ರಫ್ತನ್ನು ಪೂರ್ತಿ ನಿಲ್ಲಿಸಿತು. ಅದಕ್ಕೂ ಮುಂಚೆಯೇ ತ್ಸಿಂಗ್‌ಶಾನ್‌ನಂಥ ಚೀನೀ ಕಂಪನಿಗಳು ಅಲ್ಲೇ ಕುಲುಮೆ ಕಟ್ಟಲು ಶುರುಮಾಡಿದ್ದವು. ಕುಲುಮೆಯ ಪಕ್ಕದಲ್ಲೇ ಅದಕ್ಕೆಂದೇ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳೂ ಎದ್ದವು.

ಚೀನಾದಲ್ಲಿ ಈ ಕೆಲಸಕ್ಕೆ ಉರಿಯುತ್ತಿದ್ದ ಇಂಧನ ಕಡಿಮೆಯಾಯಿತು. ಮೊರೊವಾಲಿಯಲ್ಲಿ ಜಾಸ್ತಿಯಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ವಿಶ್ವಸಂಸ್ಥೆಯ ಸಭೆಯಲ್ಲಿ, ಹೊರದೇಶಗಳಲ್ಲಿ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಕಾರ್ಖಾನೆಗಳ ಸ್ವಂತ ಬಳಕೆಗೆಂದು ಎದ್ದ ಸ್ಥಾವರಗಳ ಕೆಲಸ ಮೊರೊವಾಲಿ ಕಡೆ ಆಮೇಲೂ ಮುಂದುವರಿಯಿತು.

ಕಲಿತು ತರುವ ದಾರಿ

ಈಗ ಗ್ರೈಂಡರ್ ನೋಡಿ ಬಂದು ತರುವ ದಾರಿ. ಒಂದು ಕಂಪನಿ ತನಗಿಂತ ಮುಂದಿರುವ ದೇಶಕ್ಕೆ ಹೋಗಿ ಅಲ್ಲಿನ ಕಂಪನಿ ಕೊಳ್ಳುತ್ತದೆ. ಅದರ ಪೇಟೆಂಟು, ಪ್ರಯೋಗಾಲಯ, ಎಂಜಿನಿಯರುಗಳು ಕೈಗೆ ಬರುತ್ತಾರೆ. ಇಲ್ಲಿನ ಜನ ಅಲ್ಲಿಗೆ ಹೋಗಿ ಕೆಲಸ ನೋಡುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ನಿಧಾನವಾಗಿ ತವರಿನ ಕಾರ್ಖಾನೆಯೂ ಸುಧಾರಿಸುತ್ತದೆ.

ಸಾಮಾನ್ಯವಾಗಿ ಹೂಡಿಕೆ ಮಾಡುವವನು ಕಲಿಸುತ್ತಾನೆ, ಪಡೆಯುವವನು ಕಲಿಯುತ್ತಾನೆ ಎಂದು ನಾವು ಅಂದುಕೊಂಡಿರುತ್ತೇವೆ. ಇಲ್ಲಿ ತಿರುಗುಮುರುಗು. 2001ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು 13 ಶ್ರೀಮಂತ ದೇಶಗಳ ಅಂಕಿ ಹಿಡಿದು ಇದನ್ನು ಪರೀಕ್ಷಿಸಿದರು. ಸಂಶೋಧನೆಗೆ ಹೆಚ್ಚು ಖರ್ಚು ಮಾಡುವ ದೇಶಗಳಲ್ಲಿ ಹೂಡಿಕೆ ಮಾಡಿದವರ ತವರಿನ ಉತ್ಪಾದಕತೆ ಏರಿದ್ದು ಕಂಡಿತು. ಹೊರಗಿನಿಂದ ಒಳಗೆ ಬಂದ ಹೂಡಿಕೆಯಿಂದ ಅಂಥ ಲಾಭ ಕಾಣಲಿಲ್ಲ. ಆಮೇಲೆ ಚೀನಾದ ಸಂಶೋಧಕರು ಇದೇ ಪ್ರಶ್ನೆಯನ್ನು ಇಂಧನದ ಮಟ್ಟಿಗೆ, ಪ್ರಾಂತ ಪ್ರಾಂತದ ಅಂಕಿ ಇಟ್ಟುಕೊಂಡು ಕೇಳುತ್ತ ಬಂದಿದ್ದಾರೆ. ಉತ್ತರ ಎಲ್ಲ ಕಡೆ ಒಂದೇ ಥರ ಬಂದಿಲ್ಲ. ಓದು, ಸಂಶೋಧನೆ, ಉದ್ಯಮ ಗಟ್ಟಿಯಿರುವ ಕಡೆ ಲಾಭ ಹೆಚ್ಚು, ಉಳಿದ ಕಡೆ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡಿರುವ ಮಾತು.

ನಮ್ಮದೇ ಉದಾಹರಣೆ ಟಾಟಾ ಸ್ಟೀಲ್. 2007ರಲ್ಲಿ ಅದು ಆಂಗ್ಲೋ-ಡಚ್ ಕಂಪನಿ ಕೋರಸ್ ಅನ್ನು ಸುಮಾರು 1,200 ಕೋಟಿ ಡಾಲರಿಗೆ ಕೊಂಡಿತು. ಅದರ ಜೊತೆಗೆ ನೆದರ್ಲೆಂಡ್ಸ್‌ನ ಐಮೌಡನ್ ಕಾರ್ಖಾನೆಯೂ, ಅಲ್ಲಿನ ಸಂಶೋಧನಾ ಕೇಂದ್ರವೂ ಬಂದವು. 2010ರಲ್ಲಿ ಅಲ್ಲಿ ಹಿಸಾರ್ನಾ ಎಂಬ ಪ್ರಯೋಗದ ಕುಲುಮೆ ಕಟ್ಟಿದರು. ಅದಿರಿನಿಂದ ಕಬ್ಬಿಣ ತೆಗೆಯುವ ಸಾಮಾನ್ಯ ಕುಲುಮೆಯಾದ ಬ್ಲಾಸ್ಟ್ ಫರ್ನೇಸಿಗೆ ಕಲ್ಲಿದ್ದಲನ್ನು ಮೊದಲು ಗಾಳಿ ತಾಗದಂತೆ ಕಾಯಿಸಿ ಕೋಕ್ ಮಾಡಬೇಕು, ಅದಿರಿನ ಪುಡಿಯನ್ನು ಸುಟ್ಟು ಗಟ್ಟಿ ಉಂಡೆ ಮಾಡಬೇಕು. ಈ ಎರಡು ಹಂತಗಳಿಗೇ ಬಹಳ ಇಂಧನ ಹೋಗುತ್ತದೆ. ಹಿಸಾರ್ನಾದಲ್ಲಿ ಎರಡೂ ಬೇಡ. ಪುಡಿ ಅದಿರು, ಪುಡಿ ಕಲ್ಲಿದ್ದಲು ನೇರವಾಗಿ ಕುಲುಮೆಗೆ ಹೋಗುತ್ತವೆ. ಇದರಿಂದ ಇಂಧನವೂ ಇಂಗಾಲವೂ ಸುಮಾರು ಶೇ 20ರಷ್ಟು ಉಳಿಯುತ್ತವೆ ಎಂಬುದು ಕಂಪನಿಯ ಲೆಕ್ಕ. ಜಮ್‌ಶೆಡ್‌ಪುರದಲ್ಲಿ ಇದರ ದೊಡ್ಡ ಘಟಕ ಕಟ್ಟುವ ಯೋಜನೆಯನ್ನೂ ಅದು ಹೇಳಿದೆ.

ಕೊಂಡದ್ದು 2007ರಲ್ಲಿ. ಜಮ್‌ಶೆಡ್‌ಪುರದ ಮಾತು ಬರುವ ಹೊತ್ತಿಗೆ ಹತ್ತು ವರ್ಷ ದಾಟಿತ್ತು. ಹೊರದೇಶದ ಕಂಪನಿ ಕೊಂಡ ಸುದ್ದಿ ಬಂದ ಮಾರನೆಯ ವರ್ಷವೇ ಇಲ್ಲಿನ ಇಂಧನ ಲೆಕ್ಕದಲ್ಲಿ ಫಲ ಹುಡುಕುವವರು ಇದನ್ನು ಗಮನಿಸಬೇಕು.

ಇಬ್ಬರೂ ಜರ್ಮನಿಗೆ ಹೋದರು

ಕಂಪನಿ ಕೊಂಡ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ. ಇದಕ್ಕೆ ಗಾಳಿಯಂತ್ರದ ಎರಡು ಕಂಪನಿಗಳ ಅನುಭವ ಪಕ್ಕಪಕ್ಕ ಇಟ್ಟು ನೋಡಬಹುದು. ಒಂದು ಭಾರತದ್ದು, ಒಂದು ಚೀನಾದ್ದು. ಇಬ್ಬರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಜರ್ಮನಿಗೆ ಹೋದವರು.

ಗಾಳಿಯಂತ್ರಕ್ಕೂ ಇಂಧನ ದಕ್ಷತೆಗೂ ಏನು ಸಂಬಂಧ ಅಂತೀರಾ? ಕಲ್ಲಿದ್ದಲು ಸುಟ್ಟಾಗ ಬರುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ಉಳಿದದ್ದು ಚಿಮಣಿಗೆ, ನೀರಿಗೆ. ಅಷ್ಟೇ ಕರೆಂಟು ಗಾಳಿಯಿಂದ ಬಂದರೆ ಸುಟ್ಟು ಕಳೆಯುವ ಆ ಎರಡು ಪಾಲು ಉಳಿಯುತ್ತದೆ. ದೇಶದ ಇಂಧನ ಲೆಕ್ಕ ಅಷ್ಟು ಹಗುರಾಗುತ್ತದೆ.

ಸುಜ್ಲಾನ್ ಕಂಪನಿಯನ್ನು 1995ರಲ್ಲಿ ಕಟ್ಟಿದ ತುಳಸಿ ತಾಂತಿ ಜವಳಿ ವ್ಯಾಪಾರದಿಂದ ಬಂದವರು. ಕಾರ್ಖಾನೆಯ ಕರೆಂಟು ಬಿಲ್ಲಿಗೆ ಬೇಸತ್ತು ಎರಡು ಗಾಳಿಯಂತ್ರ ಹಾಕಿಸಿಕೊಂಡದ್ದೇ ಅವರಿಗೆ ಈ ದಾರಿ ತೋರಿಸಿತು. ಕಂಪನಿ ಬೇಗ ಬೆಳೆಯಿತು. ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲೂ ರೆಕ್ಕೆ ತಯಾರಿಸುವ ಕಾರ್ಖಾನೆ ಬಂತು. 2006ರಲ್ಲಿ ಬೆಲ್ಜಿಯಂನ ಗೇರ್‌ಬಾಕ್ಸ್ ಕಂಪನಿ ಹ್ಯಾನ್ಸನ್ ಅನ್ನು, 2007ರಲ್ಲಿ ಫ್ರಾನ್ಸಿನ ಅರೇವಾ ಜೊತೆ ಪೈಪೋಟಿ ನಡೆಸಿ ಜರ್ಮನಿಯ ಗಾಳಿಯಂತ್ರ ಕಂಪನಿ ರೀಪವರ್ ಅನ್ನು ತನ್ನದಾಗಿಸಿಕೊಂಡಿತು. ರೀಪವರ್‌ಗೆ ಕಟ್ಟಿದ ಬೆಲೆ 100 ಕೋಟಿ ಯೂರೋ ದಾಟಿತ್ತು. ಬಹಳಷ್ಟು ಸಾಲದ ಹಣ.

ತೊಂದರೆ ಎರಡು ಕಡೆಯಿಂದ ಬಂತು. ರೀಪವರ್‌ನಲ್ಲಿ ಸಣ್ಣ ಷೇರುದಾರರು ಇನ್ನೂ ಉಳಿದಿದ್ದರು. ಅವರ ಹಿತಕ್ಕೆ ಧಕ್ಕೆಯಾಗುವಂತೆ ಆ ಕಂಪನಿಯ ಹಣವನ್ನಾಗಲೀ ತಂತ್ರಜ್ಞಾನವನ್ನಾಗಲೀ ಹೊಸ ಯಜಮಾನ ತನ್ನಿಷ್ಟದಂತೆ ಎತ್ತಿಕೊಂಡು ಹೋಗಲು ಜರ್ಮನಿಯ ಕಂಪನಿ ಕಾನೂನು ಬಿಡುವುದಿಲ್ಲ. ಅವರೆಲ್ಲರ ಷೇರು ಕೊಂಡು ಮುಗಿಸುವ ಹೊತ್ತಿಗೆ 2011 ಆಗಿತ್ತು. ಅಷ್ಟರಲ್ಲಿ 2008ರ ಜಾಗತಿಕ ಹಣಕಾಸು ಬಿಕ್ಕಟ್ಟು ಬಂದು ಗಾಳಿಯಂತ್ರದ ಬೇಡಿಕೆ ಕುಸಿದಿತ್ತು. 2012ರಲ್ಲಿ ಸುಜ್ಲಾನ್ ವಿದೇಶಿ ಬಾಂಡುಗಳ ಹಣ ತೀರಿಸಲಾರದೆ ಹೋಯಿತು. ಹ್ಯಾನ್ಸನ್ ಪಾಲು ಮಾರಿಹೋಗಿತ್ತು. ಸೆನ್ವಿಯಾನ್ ಎಂದು ಹೆಸರು ಬದಲಿಸಿಕೊಂಡಿದ್ದ ರೀಪವರ್ ಅನ್ನೂ 2015ರಲ್ಲಿ 100 ಕೋಟಿ ಯೂರೋಗೆ ಮಾರಬೇಕಾಯಿತು.

ಚೀನಾದ ಗೋಲ್ಡ್‌ವಿಂಡ್ ಕಥೆ ನೋಡಿ. ಷಿನ್‌ಜಿಯಾಂಗ್ ಪ್ರಾಂತದ ಈ ಕಂಪನಿ ಮೊದಲು ಜರ್ಮನ್ ಕಂಪನಿಗಳಿಂದ ಪರವಾನಗಿ ಪಡೆದು ಸಣ್ಣ ಯಂತ್ರ ತಯಾರಿಸುತ್ತಿತ್ತು. ಆಮೇಲೆ ವೆನ್ಸಿಸ್ ಎಂಬ ಪುಟ್ಟ ಜರ್ಮನ್ ವಿನ್ಯಾಸ ಕಂಪನಿಯ ಜೊತೆ ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿತು. ವೆನ್ಸಿಸ್‌ನ ವಿಶೇಷ ಗೇರ್‌ಬಾಕ್ಸ್ ಇಲ್ಲದ ಗಾಳಿಯಂತ್ರ. ಗೇರ್ ಇಲ್ಲದಿದ್ದರೆ ಅದರ ಉಜ್ಜಾಟದಲ್ಲಿ ಶಕ್ತಿ ಕಳೆಯುವುದಿಲ್ಲ, ಎತ್ತರದ ಗೋಪುರದಲ್ಲಿ ಅದನ್ನು ರಿಪೇರಿ ಮಾಡುವ ಕಷ್ಟವೂ ಇಲ್ಲ. ಇಷ್ಟೆಲ್ಲ ಒಡನಾಟ ಆದ ಮೇಲೆ, 2008ರಲ್ಲಿ, ಸುಮಾರು 4 ಕೋಟಿ ಯೂರೋ ಕೊಟ್ಟು ವೆನ್ಸಿಸ್‌ನ ಶೇ 70ರಷ್ಟು ಪಾಲು ಕೊಂಡಿತು. ಆ ಹೊತ್ತಿಗೆ ಗೋಲ್ಡ್‌ವಿಂಡ್‌ನ ಎಂಜಿನಿಯರುಗಳಿಗೆ ಆ ಯಂತ್ರ ಹೊಸದಲ್ಲ. ಮುಂದೆ ಅದೇ ವಿನ್ಯಾಸ ಚೀನಾದ ಉದ್ದಗಲಕ್ಕೂ ನಿಂತಿತು, ಕಂಪನಿ ಜಗತ್ತಿನ ಮೊದಲ ಸಾಲಿಗೆ ಬಂತು.

ಗೋಲ್ಡ್‌ವಿಂಡ್‌ಗೆ ಬೆನ್ನಿಗೆ ಬೆಳೆಯುತ್ತಿದ್ದ ದೊಡ್ಡ ತವರು ಮಾರುಕಟ್ಟೆಯೂ ಇತ್ತು, ಅದನ್ನು ಮರೆಯಬಾರದು. ಆದರೂ ನನಗೆ ಮುಖ್ಯವಾಗಿ ಕಾಣುವುದು ಮೊದಲು ಕಲಿತು ಆಮೇಲೆ ಕೊಂಡ ಆ ಕ್ರಮ. ಹೊಸ ವಿದ್ಯೆಯನ್ನು ಅರಗಿಸಿಕೊಳ್ಳುವ ಶಕ್ತಿ ಮೊದಲೇ ಇರಬೇಕು. ಅದನ್ನು ಕಂಪನಿಯ ಜೊತೆಗೆ ದುಡ್ಡು ಕೊಟ್ಟು ತರಲು ಬರುವುದಿಲ್ಲ.

ಅಲ್ಲಿನ ವಿದ್ಯೆ ಇಲ್ಲಿಗೆ ಹೊಂದುತ್ತದೆಯೇ

ಇನ್ನೊಂದು ತೊಡಕು, ಕೊಂಡ ವಿದ್ಯೆ ಬೇರೆ, ಇಲ್ಲಿ ಇಂಧನ ಉರಿಯುವ ಜಾಗವೇ ಬೇರೆ ಆಗಿರಬಹುದು.

ಹಿಂಡಾಲ್ಕೊ 2007ರಲ್ಲಿ ಸಾಲವೂ ಸೇರಿ ಸುಮಾರು 600 ಕೋಟಿ ಡಾಲರಿಗೆ ನೊವೆಲಿಸ್ ಕೊಂಡಿತು. ನೊವೆಲಿಸ್ ಅಲ್ಯೂಮಿನಿಯಂ ಹಾಳೆ ಮಾಡುವುದರಲ್ಲಿ, ಬಳಸಿ ಎಸೆದ ಪಾನೀಯದ ಡಬ್ಬಿಗಳನ್ನು ಕರಗಿಸಿ ಮತ್ತೆ ಲೋಹ ಮಾಡುವುದರಲ್ಲಿ ಜಗತ್ತಿಗೇ ದೊಡ್ಡದು. ಹಳೆಯ ಲೋಹ ಕರಗಿಸಲು ಹೊಸದಾಗಿ ತೆಗೆಯುವ ಇಂಧನದ ಶೇ 5ರಷ್ಟು ಸಾಕು. ಹಾಗಾಗಿ ಇಡೀ ಗುಂಪಿನ ಸರಾಸರಿ ನೋಡಿದರೆ ಚಿತ್ರ ಚೆನ್ನಾಗಿ ಕಾಣುತ್ತದೆ. ಆದರೆ ನಮ್ಮಲ್ಲಿ ಹೆಚ್ಚು ಇಂಧನ ಹೋಗುವುದು ಅದಿರಿನಿಂದ ಲೋಹ ತೆಗೆಯುವ ಹಂತದಲ್ಲಿ, ಅದೂ ಕಲ್ಲಿದ್ದಲಿನ ಸ್ವಂತ ವಿದ್ಯುತ್ ಸ್ಥಾವರಗಳಿಂದ. ಆ ಹಂತದ ಕೆಲಸ ನೊವೆಲಿಸ್‌ನದಲ್ಲ. ವೇಲ್ಸ್‌ನಲ್ಲಿ ಮುಚ್ಚಿದ ರೋಜರ್‌ಸ್ಟೋನ್ ಘಟಕದ ಯಂತ್ರಗಳು ಒಡಿಶಾದ ಹಿರಾಕುಡ್‌ಗೆ ಬಂದವು. ಅವು ಹಾಳೆ ಮಾಡುವ ಯಂತ್ರಗಳು.

ಜೆಎಸ್‌ಡಬ್ಲ್ಯು 2018ರಲ್ಲಿ ಅಮೆರಿಕದ ಒಹಾಯೋದಲ್ಲಿ ವಿದ್ಯುತ್ ಕುಲುಮೆ ಇರುವ ಉಕ್ಕಿನ ಕಾರ್ಖಾನೆ ಕೊಂಡಿತು. ವಿದ್ಯುತ್ ಕುಲುಮೆಗೆ ಗುಜರಿ ಕಬ್ಬಿಣ ಹಾಕಿದರೆ ಟನ್ನಿಗೆ ಬೇಕಾಗುವ ಇಂಧನ ಬಹಳ ಕಡಿಮೆ. ಅಮೆರಿಕದ ಉಕ್ಕಿನಲ್ಲಿ ಸುಮಾರು ಶೇ 70 ಹೀಗೇ ಆಗುವುದು. ನೂರು ವರ್ಷ ಕಾರು, ಸೇತುವೆ, ಕಟ್ಟಡ ಕಟ್ಟಿದ ದೇಶದಲ್ಲಿ ಗುಜರಿ ಧಾರಾಳ. ನಮ್ಮಲ್ಲಿ ಅಷ್ಟು ಹಳೆಯ ಕಬ್ಬಿಣ ಇನ್ನೂ ಹುಟ್ಟಿಯೇ ಇಲ್ಲ. ತೋರಣಗಲ್ಲಿನ ಸುತ್ತ ಇರುವುದು ಸಂಡೂರಿನ ಅದಿರು. ಒಹಾಯೋದ ಪಾಠವನ್ನು ತೋರಣಗಲ್ಲಿಗೆ ಹಾಗೆಯೇ ತಂದು ಹಾಕಲು ಆಗುವುದಿಲ್ಲ.

ಬಂದ ವಿದ್ಯೆಯೂ ಒಂದು ಕಂಪನಿಯ ಕಾಂಪೌಂಡಿನೊಳಗೇ ಉಳಿಯಬಹುದು. ಬಳ್ಳಾರಿ, ಕೊಪ್ಪಳದ ಕಡೆ ಕಲ್ಲಿದ್ದಲಿನಲ್ಲಿ ಸ್ಪಾಂಜ್ ಐರನ್, ಅಂದರೆ ಅದಿರನ್ನು ಕರಗಿಸದೆಯೇ ತೆಗೆದ ಕಬ್ಬಿಣ ಮಾಡುವ ಸಣ್ಣ ಘಟಕಗಳು ಬೇಕಾದಷ್ಟಿವೆ. ದೊಡ್ಡವರು ಯುರೋಪಿನಲ್ಲಿ ಏನು ಕೊಂಡರೂ ಇವರ ಗೂಡಿಗೆ ಅದರ ಬಿಸಿ ತಟ್ಟುವುದು ಬಹಳ ನಿಧಾನ. ಯಂತ್ರ ಪೂರೈಸುವವರ ಮೂಲಕ, ಕೆಲಸ ಬದಲಿಸುವ ಎಂಜಿನಿಯರುಗಳ ಮೂಲಕ ಸ್ವಲ್ಪ ಸ್ವಲ್ಪ ಹರಡಬೇಕು. ಇಡೀ ರಾಜ್ಯದ ಇಂಧನ ದಕ್ಷತೆ ಏರಬೇಕಾದರೆ ಇವರೂ ಬದಲಾಗಬೇಕಲ್ವಾ?

ದುಡ್ಡಿನ ಪೈಪೋಟಿ

ಕಂಪನಿಯೊಂದರ ಕೈಯಲ್ಲಿರುವ ಹಣಕ್ಕೂ ಅದು ಎತ್ತಬಹುದಾದ ಸಾಲಕ್ಕೂ ಮಿತಿ ಇದೆ. ಹೊರದೇಶದ ಖರೀದಿಗೆ ದೊಡ್ಡ ಸಾಲ ಮಾಡಿದರೆ ತವರಿನ ಹಳೆಯ ಬಾಯ್ಲರ್, ಮೋಟಾರು ಬದಲಿಸುವುದು ಮುಂದಕ್ಕೆ ಹೋಗಬಹುದು. ಕೊಂಡ ಕಾರ್ಖಾನೆಗೇ ಮತ್ತೆ ಮತ್ತೆ ಹಣ ಸುರಿಯಬೇಕಾಗಬಹುದು. ಟಾಟಾ ಸ್ಟೀಲ್‌ನ ಬ್ರಿಟನ್ ಘಟಕ ವರ್ಷಗಟ್ಟಲೆ ನಷ್ಟ ಕಂಡಿತು. ಪೋರ್ಟ್ ಟಾಲ್ಬಟ್‌ನ ಕೊನೆಯ ಬ್ಲಾಸ್ಟ್ ಫರ್ನೇಸ್ 2024ರ ಸೆಪ್ಟೆಂಬರ್ 30ರಂದು ನಿಂತಿತು. ಅದರ ಜಾಗದಲ್ಲಿ 125 ಕೋಟಿ ಪೌಂಡ್ ಖರ್ಚಿನಲ್ಲಿ ವಿದ್ಯುತ್ ಕುಲುಮೆ ಬರಲಿದೆ. ಅದರಲ್ಲಿ 50 ಕೋಟಿ ಪೌಂಡ್ ಬ್ರಿಟನ್ ಸರ್ಕಾರದ್ದು, ಉಳಿದದ್ದು ಕಂಪನಿಯದು. ಈ ಹಣದಿಂದ ಸುಧಾರಿಸುವುದು ಬ್ರಿಟನ್ನಿನ ಇಂಧನ ಲೆಕ್ಕ.

ಹೊರದೇಶದ ಲಾಭ ತವರಿಗೆ ಬಂದು ಹೊಸ ಯಂತ್ರವಾಗುವುದೂ ಉಂಟು. ಯಾವುದು ಆಗುತ್ತದೆ ಎಂಬುದು ಕೊಂಡ ಕಂಪನಿ ಲಾಭದಲ್ಲಿದೆಯೇ ಎಂಬುದರ ಮೇಲೆ ನಿಂತಿದೆ. ಲೆಕ್ಕದ ಒಂದು ಸಣ್ಣ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊರದೇಶದಲ್ಲಿ ಗಳಿಸಿದ ಲಾಭ ಜಿಡಿಪಿಯೊಳಗೆ ಬರುವುದಿಲ್ಲ. ಅದು ಬರುವುದು ರಾಷ್ಟ್ರೀಯ ಆದಾಯದಲ್ಲಿ. ಹಾಗಾಗಿ ಜಿಡಿಪಿಯಿಂದ ಭಾಗಿಸಿದ ಇಂಧನ ತೀವ್ರತೆಯಲ್ಲಿ ಈ ಗಳಿಕೆಯ ನೇರ ಗುರುತು ಕಾಣುವುದಿಲ್ಲ.

ಉಳಿದದ್ದು ಮತ್ತೆ ಖರ್ಚಾಗುವುದು

ನಿಜವಾಗಿಯೂ ಕಲಿತು ಬಂದು ಟನ್ನಿಗೆ ಬೇಕಾದ ಇಂಧನ ಇಳಿಸಿದರೂ ಒಟ್ಟು ಬಳಕೆ ಇಳಿಯಲೇಬೇಕೆಂದಿಲ್ಲ. ತಯಾರಿ ಅಗ್ಗವಾದರೆ ಹೆಚ್ಚು ತಯಾರಿಸುತ್ತಾರೆ. 1865ರಲ್ಲೇ ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವಾನ್ಸ್ ಇದನ್ನು ಗಮನಿಸಿದ್ದರು. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದ ಮೇಲೆ ದೇಶದ ಕಲ್ಲಿದ್ದಲು ಬಳಕೆ ಏರಿತ್ತು. ಭಾರತದಂಥ ದೇಶಕ್ಕೆ ಇನ್ನೂ ಮನೆ, ಸೇತುವೆ, ರೈಲು ಬೇಕು. ಉಕ್ಕಿನ ತಯಾರಿ ಹೆಚ್ಚುವುದು ಸಹಜ. ಅದಕ್ಕೇ ದಕ್ಷತೆಯನ್ನೂ ಒಟ್ಟು ಬಳಕೆಯನ್ನೂ ಬೇರೆ ಬೇರೆ ನೋಡಬೇಕು.

ಹೊರಗೆ ಹೋಗದೆಯೂ ಕಲಿಯಬಹುದು

ದಕ್ಷತೆ ಹೆಚ್ಚಿಸಲು ಹೊರದೇಶದಲ್ಲಿ ಕಂಪನಿ ಕೊಳ್ಳುವುದೊಂದೇ ದಾರಿ ಎಂದು ಯಾರೂ ತಿಳಿಯಬಾರದು. ಕೆಂಪಗೆ ಕಾದ ಕೋಕನ್ನು ನೀರು ಸುರಿದು ಆರಿಸುವ ಬದಲು ಅನಿಲದಿಂದ ತಣಿಸಿ, ಆ ಶಾಖದಲ್ಲಿ ವಿದ್ಯುತ್ ಮಾಡುವ ವಿಧಾನ ಒಂದಿದೆ. ಇದನ್ನು ದೊಡ್ಡ ಮಟ್ಟದಲ್ಲಿ ಮೊದಲು ಬಳಸಿದ್ದು ಸೋವಿಯತ್ ಒಕ್ಕೂಟ. ಜಪಾನಿನ ಉಕ್ಕಿನ ಕಂಪನಿಗಳು 1970ರ ದಶಕದಲ್ಲಿ ಇದನ್ನು ಪರವಾನಗಿ ಪಡೆದು ತಂದವು, ಇನ್ನಷ್ಟು ಸುಧಾರಿಸಿದವು.

ನಮ್ಮಲ್ಲಿ 2012ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಪ್ಯಾಟ್ ಎಂಬ ಯೋಜನೆ ಶುರುಮಾಡಿತು. ವಿದ್ಯುತ್ ಸ್ಥಾವರ, ಉಕ್ಕು, ಸಿಮೆಂಟು, ಅಲ್ಯೂಮಿನಿಯಂ, ಗೊಬ್ಬರ, ಕಾಗದ, ಜವಳಿ, ಕ್ಷಾರ ಹೀಗೆ ಎಂಟು ಬಗೆಯ ಉದ್ಯಮಗಳ 478 ದೊಡ್ಡ ಘಟಕಗಳಿಗೆ ಟನ್ನಿಗಿಷ್ಟೇ ಇಂಧನ ಎಂದು ಗುರಿ ಕೊಟ್ಟಿತು. ಗುರಿ ಮೀರಿ ಉಳಿಸಿದವರಿಗೆ ಪ್ರಮಾಣಪತ್ರ. ಗುರಿ ತಲುಪದವರು ಅವರಿಂದ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2015ಕ್ಕೆ ಮುಗಿದ ಮೊದಲ ಸುತ್ತಿನಲ್ಲಿ ಸುಮಾರು 67 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ ಉಳಿಸುವ ಗುರಿ ಇತ್ತು. ಉಳಿತಾಯ ಆದದ್ದು ಸುಮಾರು 87 ಲಕ್ಷ ಟನ್ನಿನಷ್ಟು. ಇದೆಲ್ಲ ದೇಶದೊಳಗಿನ ಕಾರ್ಖಾನೆಗಳಲ್ಲೇ ಆದ ಉಳಿತಾಯ.

ಹೊರಗೆ ಹೋಗಿ ಕಲಿಯುವ ದಾರಿಗೂ ತವರಿನಲ್ಲೇ ಉಳಿಸುವ ಈ ದಾರಿಗೂ ಒಳಗಿಂದೊಳಗೆ ನಂಟೂ ಇದೆ. ತವರಿನಲ್ಲಿ ಗುರಿ, ದಂಡ, ದುಬಾರಿ ಇಂಧನದ ಒತ್ತಡ ಇದ್ದರೆ ಮಾತ್ರ ಹೊರಗೆ ಕಲಿತದ್ದನ್ನು ಇಲ್ಲಿ ತಂದು ಹಾಕುವ ಆಸಕ್ತಿ ಕಂಪನಿಗೆ ಬರುತ್ತದೆ. ಒತ್ತಡ ಅತಿಯಾಗಿ, ಪಕ್ಕದ ದೇಶದಲ್ಲಿ ಏನೂ ನಿಯಮ ಇಲ್ಲದಿದ್ದರೆ ಕಾರ್ಖಾನೆ ಅಲ್ಲಿಗೇ ಹೊರಡುವ ಅಪಾಯವೂ ಇದೆ. ಯುರೋಪು ಗಡಿಯಲ್ಲಿ ಇಂಗಾಲದ ಹಣ ಕೇಳಲು ಶುರುಮಾಡಿದ್ದಕ್ಕೆ ಇದೇ ಭಯ ಕಾರಣ.

ಅಂಕಿ ಓದುವಾಗ

ಷೇರು ಮಾರುಕಟ್ಟೆಯಲ್ಲಿರುವ ನಮ್ಮ ದೇಶದ ಅತಿ ದೊಡ್ಡ 1,000 ಕಂಪನಿಗಳು 2022-23ರಿಂದ ಪ್ರತಿ ವರ್ಷ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಬೇಕೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಕಂಪನಿಯ ವೆಬ್‌ಸೈಟಿನಲ್ಲೇ, ಸಾಮಾನ್ಯವಾಗಿ ವಾರ್ಷಿಕ ವರದಿಯ ಜೊತೆಗೆ ಸಿಗುತ್ತದೆ. ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಒಟ್ಟು ಎಷ್ಟು ಇಂಧನ ಬಳಸಿದರು ಎಂದಿರುತ್ತದೆ. ಒಂದು ರೂಪಾಯಿ ವಹಿವಾಟಿಗೆ ಎಷ್ಟು ಇಂಧನ ಎಂದೂ ಇರುತ್ತದೆ. ತಯಾರಾದ ಸರಕಿನ ಪ್ರಮಾಣಕ್ಕೆ ಎಷ್ಟು ಎಂಬ ಸಾಲನ್ನು ಆಮೇಲೆ ಸೇರಿಸಿದ್ದಾರೆ.

ರೂಪಾಯಿ ಲೆಕ್ಕದ ಸಾಲು ಉಕ್ಕಿನ ಬೆಲೆ ಏರಿದ ವರ್ಷ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ಟನ್ನಿನ ಸಾಲು ಹಾಗೆ ಮೋಸ ಮಾಡುವುದಿಲ್ಲ. ಆದರೆ ಟನ್ನಿನ ಸಾಲನ್ನೂ ಎರಡು ಮೂರು ವರ್ಷದ್ದು ಹೋಲಿಸಬೇಕು. ಈ ನಡುವೆ ಕಂಪನಿ ಯಾವ ಹಂತದ ಕೆಲಸವನ್ನಾದರೂ ಹೊರಗಿನಿಂದ ತರಿಸಲು ಶುರುಮಾಡಿತೇ ಎಂದು ನೋಡಬೇಕು. ಮೊದಲು ತಾನೇ ಮಾಡುತ್ತಿದ್ದ ಕೋಕನ್ನೋ ಲೋಹದ ಗಟ್ಟಿಯನ್ನೋ ಈಗ ಕೊಳ್ಳುತ್ತಿದ್ದರೆ ಟನ್ನಿನ ಅಂಕಿಯೂ ಸುಮ್ನೆ ಇಳಿಯುತ್ತದೆ.

ಅದೇ ವರದಿಯ ಮೊದಲ ಪುಟಗಳಲ್ಲಿ ಇನ್ನೊಂದು ಸಣ್ಣ ಸಾಲು ಇರುತ್ತದೆ. ಈ ಅಂಕಿಗಳು ಭಾರತದ ಮಾತೃ ಕಂಪನಿಯದಷ್ಟೇ ಆಗಿವೆಯೇ, ಅಥವಾ ಅದರ ಕೆಳಗಿನ ಎಲ್ಲ ಕಂಪನಿಗಳನ್ನೂ ಸೇರಿಸಿವೆಯೇ ಎಂಬುದನ್ನು ಕಂಪನಿ ಅಲ್ಲಿ ಹೇಳಬೇಕು. ಮೊದಲನೆಯದಾದರೆ ಹೊರದೇಶದಲ್ಲಿ ಬೇರೆ ಕಂಪನಿಯಾಗಿ ನಡೆಯುವ ಕಾರ್ಖಾನೆಗಳು ಆ ಇಂಧನ ಲೆಕ್ಕದಲ್ಲಿ ಇಲ್ಲ. ಎರಡನೆಯದಾದರೆ ಅಲ್ಲಿನ ಗುಜರಿ ಕುಲುಮೆಯೂ ಇಲ್ಲಿನ ಕಲ್ಲಿದ್ದಲಿನ ಕುಲುಮೆಯೂ ಒಂದೇ ಸರಾಸರಿಯಲ್ಲಿ ಬೆರೆತಿವೆ. ಇಲ್ಲಿನ ದಕ್ಷತೆ ತಿಳಿಯಬೇಕಾದರೆ ಭಾರತದ ಘಟಕಗಳ ಅಂಕಿಯನ್ನೇ ಬೇರೆಯಾಗಿ ಹುಡುಕಬೇಕು.